ಗೇರ್ ಹಾಕಿದ ತಕ್ಷಣ ಬೈಕ್ ಆಫ್ ಆಗುತ್ತಿದೆ, ನ್ಯೂಟ್ರಲ್‌ನಲ್ಲಿ ಎಲ್ಲ ಸರಿ ಇದೆ

ಒಂಟಿ ಸವಾರ
ಗೆಳೆಯರೇ, ನನ್ನದು 150 ಸಿಸಿ ಬೈಕ್. ಒಂದೇ ಸಿಲಿಂಡರ್, ಫ್ಯುಯಲ್ ಇಂಜೆಕ್ಷನ್. ಸೆಲ್ಫ್ ಒತ್ತಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಓಡುತ್ತಲೇ ಇರುತ್ತದೆ, ರೇಸ್ ಕೊಟ್ಟರೂ ಚೆನ್ನಾಗಿ ಎತ್ತುತ್ತದೆ. ಆದರೆ ಕ್ಲಚ್ ಹಿಡಿದು ಒಂದನೇ ಗೇರ್‌ಗೆ ಹಾಕಿದರೆ ಆಫ್. ಮತ್ತೆ ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವಂತೆ ಓಡುತ್ತದೆ.

ಪ್ರತಿ ಸಲವೂ ಹೀಗಾಗುವುದಿಲ್ಲ, ಅದೇ ಕಷ್ಟ. ಕೆಲವು ದಿನ ಆರಾಮಾಗಿ ಹೋಗುತ್ತದೆ. ಕೆಲವು ದಿನ ಗೇಟಿನಿಂದ ಆಚೆ ಹೋಗುವುದೇ ಇಲ್ಲ. ಸ್ಪಾರ್ಕ್ ಪ್ಲಗ್ ಹೊಸದು ಹಾಕಿದೆ, ಏರ್ ಫಿಲ್ಟರ್ ಬದಲಿಸಿದೆ, ವ್ಯತ್ಯಾಸ ಇಲ್ಲ. ತೋರಿಸಿದ ಕಡೆ "ಕ್ಲಚ್ ಪ್ಲೇಟ್ ಹೋಗಿದೆ, ಇಂಜಿನ್ ಬಿಚ್ಚಬೇಕು" ಅಂದಿದ್ದಾರೆ. ಬಿಚ್ಚಿಸುವ ಮೊದಲು ನಿಮ್ಮನ್ನೊಮ್ಮೆ ಕೇಳೋಣ ಅನ್ನಿಸಿತು.

ಸ್ಪಾನರ್ 12
ಸೈಡ್ ಸ್ಟ್ಯಾಂಡ್ ಸ್ವಿಚ್. ಬೇರೆ ಏನೂ ಅಲ್ಲ.

ಒಂಟಿ ಸವಾರ
ಸ್ಟ್ಯಾಂಡ್ ಪೂರ್ತಿ ಮೇಲೆ ಎತ್ತಿಯೇ ಗೇರ್ ಹಾಕುತ್ತೇನೆ ಸರ್. ಮೀಟರ್‌ನಲ್ಲಿ ಸ್ಟ್ಯಾಂಡ್ ಲೈಟ್ ಕೂಡ ಬರುವುದಿಲ್ಲ.

ಸ್ಪಾನರ್ 12
ಸ್ಟ್ಯಾಂಡ್ ಮೇಲಿದೆ ಅಂತ ನಿಮಗೆ ಗೊತ್ತು. ಗಾಡಿಗೆ ಗೊತ್ತಾ?

ಗೇರ್ ಗೆಳೆಯ
ಅವಸರ ಬೇಡ. ಇದು ಕ್ಲಚ್ ಸರಿಯಾಗಿ ಬಿಡದೇ ಇರುವ ತೊಂದರೆಯೂ ಆಗಿರಬಹುದು. ಕ್ಲಚ್ ಹಿಡಿದರೂ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಗೇರ್ ಬಿದ್ದ ಕೂಡಲೇ ಇಂಜಿನ್ ಮೇಲೆ ಇಡೀ ಗಾಡಿಯ ಭಾರ ಬೀಳುತ್ತದೆ. ಐಡ್ಲಿಂಗ್‌ನಲ್ಲಿರುವ, ಅಂದರೆ ರೇಸ್ ಕೊಡದೆ ಸುಮ್ಮನೆ ಓಡುತ್ತಿರುವ ಸಣ್ಣ ಇಂಜಿನ್‌ಗೆ ಅಷ್ಟು ಎಳೆಯುವ ಶಕ್ತಿ ಇರುವುದಿಲ್ಲ. ಕುಸಿದು ನಿಲ್ಲುತ್ತದೆ. ಕೇಬಲ್ ಸಡಿಲ ಆಗಿದೆಯಾ ಮೊದಲು ನೋಡಿ. ಕ್ಲಚ್ ಲಿವರ್‌ನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ (ಸಡಿಲ) ಇದ್ದರೆ ಸಾಮಾನ್ಯವಾಗಿ ಸರಿ. ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ, ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಅರ್ಧ ಮಾತ್ರ ಬಿಡುತ್ತದೆ.

ಹಳೇ ಇಂಜಿನ್
ಇಬ್ಬರೂ ಉತ್ತರ ಹೇಳುತ್ತಿದ್ದೀರಿ, ಪ್ರಶ್ನೆ ಯಾರೂ ಕೇಳಲಿಲ್ಲ. ಸವಾರರೇ, ಗಾಡಿ ಆಫ್ ಆಗುತ್ತದೆ ಅಂತ ಬರೆದಿರಿ. ಹೇಗೆ ಆಫ್ ಆಗುತ್ತದೆ ಅನ್ನುವುದನ್ನು ಬರೆಯಲಿಲ್ಲ. ಈ ತೊಂದರೆಯಲ್ಲಿ ಅರ್ಧ ಉತ್ತರ ಇರುವುದು ಅಲ್ಲೇ.

ಕಿಲ್ ಸ್ವಿಚ್ ಒತ್ತಿದ ಹಾಗೆ ಟಕ್ ಅಂತ ನಿಂತರೆ ಅದು ಕರೆಂಟಿನ ವಿಷಯ. ಯಾವುದೋ ಸ್ವಿಚ್, ಯಾವುದೋ ತಂತಿ ಇಂಜಿನ್ ಅನ್ನು ಕಟ್ ಮಾಡುತ್ತಿದೆ. ಗಾಡಿ ಮುಂದಕ್ಕೆ ಜಗ್ಗುವುದಿಲ್ಲ, ಸದ್ದು ಇಳಿಯುವುದಿಲ್ಲ, ಸುಮ್ನೆ ನಿಲ್ಲುತ್ತದೆ.

ಮುಂದಕ್ಕೆ ಒಮ್ಮೆ ಜಗ್ಗಿ, ಸದ್ದು ಗುಡುಗುಡು ಅಂತ ಇಳಿದು ನಿಂತರೆ ಅದು ಕ್ಲಚ್. ಪ್ಲೇಟ್ ಬಿಡುತ್ತಿಲ್ಲ.

ಕ್ಲಚ್ ಹಿಡಿದಿದ್ದಾಗ ಏನೂ ಆಗದೆ, ಬಿಡುವಾಗ ಮಾತ್ರ ನಿಂತರೆ ಐಡ್ಲಿಂಗ್ ಕಡಿಮೆ ಇರಬೇಕು, ಇಲ್ಲವೇ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಹಿಂದಿನ ಬ್ರೇಕ್ ಹಿಡಿದುಕೊಂಡಿದೆ.

ಇದರಲ್ಲಿ ನಿಮ್ಮದು ಯಾವುದು?

ಹೊಸ ಲೈಸೆನ್ಸ್
ನನಗೆ ಮೂರನೆಯದು ದಿನಾ ಆಗುತ್ತದೆ 😅 ಆದರೆ ಅದು ನಾನು ಕ್ಲಚ್ ಬೇಗ ಬಿಡುವುದರಿಂದ ಅಂತ ಅಣ್ಣ ಹೇಳುತ್ತಾನೆ.

ಹಳೇ ಇಂಜಿನ್
ನಿಮ್ಮ ಅಣ್ಣ ಹೇಳಿದ್ದು ಸರಿ ಇರಬಹುದು, ಆದರೂ ಒಮ್ಮೆ ಐಡ್ಲಿಂಗ್ ನೋಡಿಸಿ. ಸಣ್ಣ ಇಂಜಿನ್‌ಗಳಲ್ಲಿ ಬಿಸಿಯಾದ ಮೇಲೆ ನಿಮಿಷಕ್ಕೆ 1300ರಿಂದ 1500 ಸುತ್ತಿನ ಆಸುಪಾಸು ಇರುವುದು ಸಾಮಾನ್ಯ. ಅದು 900, 1000ಕ್ಕೆ ಇಳಿದಿದ್ದರೆ ಎಂಥ ಸವಾರನ ಕೈಯಲ್ಲೂ ನಿಲ್ಲುತ್ತದೆ. ಕಲಿಯುವವರು ಎಲ್ಲವೂ ತಮ್ಮದೇ ತಪ್ಪು ಅಂದುಕೊಂಡು ಹೆದರುತ್ತಾರೆ. ಅದು ಬೇಡ.

ಒಂಟಿ ಸವಾರ
ಈಗ ಹೋಗಿ ಗಮನ ಇಟ್ಟು ನೋಡಿ ಬಂದೆ. ಟಕ್ ಅಂತಲೇ ನಿಲ್ಲುತ್ತದೆ. ಜಗ್ಗುವುದಿಲ್ಲ. ಕ್ಲಚ್ ಇನ್ನೂ ಪೂರ್ತಿ ಹಿಡಿದೇ ಇರುತ್ತೇನೆ, ಆಗಲೇ ಆಫ್ ಆಗಿರುತ್ತದೆ.

ಸ್ಪಾನರ್ 12
ನಾನು ಹೇಳಿದ್ದೆ.

ಗೇರ್ ಗೆಳೆಯ
ಇರಲಿ, ಆದರೂ ಕ್ಲಚ್ ಅಲ್ಲ ಅಂತ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಇಂಜಿನ್ ಆಫ್ ಮಾಡಿ, ಒಂದನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ಗಾಡಿ ತಳ್ಳಿ. ಸರಾಗವಾಗಿ ಹೋಗಬೇಕು. ನ್ಯೂಟ್ರಲ್‌ಗಿಂತ ಚೂರು ಭಾರ ಅನ್ನಿಸಿದರೆ ತಪ್ಪಿಲ್ಲ. ಪ್ಲೇಟ್‌ಗಳು ಆಯಿಲ್‌ನಲ್ಲಿ ಮುಳುಗಿರುತ್ತವೆ, ತಣ್ಣಗಿರುವಾಗ ಆಯಿಲ್ ಗಟ್ಟಿ ಇರುತ್ತದೆ. ಆದರೆ ಚಕ್ರ ಲಾಕ್ ಆದ ಹಾಗೆ ಎಳೆದರೆ ಕ್ಲಚ್ ಬಿಡುತ್ತಿಲ್ಲ ಅಂತ ಅರ್ಥ.

ಒಂಟಿ ಸವಾರ
ತಳ್ಳಿ ನೋಡಿದೆ. ಆರಾಮಾಗಿ ಹೋಗುತ್ತದೆ. ಲಿವರ್ ಪ್ಲೇ ಕೂಡ ಸರಿ ಇದೆ.

ಗೇರ್ ಗೆಳೆಯ
ಹಾಗಾದರೆ ನನ್ನ ವಾದ ವಾಪಸ್. ಇಂಜಿನ್ ಬಿಚ್ಚಲು ಬಿಡಬೇಡಿ.

ತಂತಿ ತಜ್ಞೆ
ಸ್ವಲ್ಪ ಉದ್ದ ಬರೆಯುತ್ತೇನೆ. ಇದು ಒಮ್ಮೆ ಅರ್ಥವಾದರೆ ಇನ್ಯಾರನ್ನೂ ಕೇಳಬೇಕಾಗಿಲ್ಲ.

ನಿಮ್ಮ ಗಾಡಿಯಲ್ಲಿ ಮೂರು ಸ್ವಿಚ್‌ಗಳು ಸೇರಿ ಕೆಲಸ ಮಾಡುತ್ತವೆ: ನ್ಯೂಟ್ರಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್. ಇಂಜಿನ್ ಓಡಬೇಕಾದರೆ ಗಾಡಿ ನ್ಯೂಟ್ರಲ್‌ನಲ್ಲಿ ಇರಬೇಕು, ಇಲ್ಲವೇ ಸ್ಟ್ಯಾಂಡ್ ಮೇಲೆ ಇರಬೇಕು. ಎರಡರಲ್ಲಿ ಒಂದು ಇದ್ದರೆ ಸಾಕು. ಕ್ಲಚ್ ಸ್ವಿಚ್‌ನ ಕೆಲಸ ಹೆಚ್ಚಿನ ಗಾಡಿಗಳಲ್ಲಿ ಸ್ಟಾರ್ಟ್ ಮಾಡುವಾಗ ಮಾತ್ರ.

ಈಗ ನಿಮ್ಮ ತೊಂದರೆ ನೋಡಿ. ನ್ಯೂಟ್ರಲ್‌ನಲ್ಲಿ ಇರುವಾಗ ನ್ಯೂಟ್ರಲ್ ಸ್ವಿಚ್ಚೇ ಇಂಜಿನ್ ಅನ್ನು ಹಿಡಿದುಕೊಂಡಿರುತ್ತದೆ. ಸ್ಟ್ಯಾಂಡ್ ಸ್ವಿಚ್ ಕೆಟ್ಟಿದ್ದರೂ ನಿಮಗೆ ಗೊತ್ತೇ ಆಗುವುದಿಲ್ಲ. ಗೇರ್ ಬಿದ್ದ ಕ್ಷಣ ನ್ಯೂಟ್ರಲ್ ಸ್ವಿಚ್ ಕೈ ಬಿಡುತ್ತದೆ. ಆಗ ಸ್ಟ್ಯಾಂಡ್ ಸ್ವಿಚ್ "ನಾನು ಮೇಲಿದ್ದೇನೆ" ಅಂತ ಹೇಳಬೇಕು. ಅದು ಹೇಳದಿದ್ದರೆ ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಇಂಜಿನ್ ಕಟ್ ಮಾಡುತ್ತದೆ. ಕಾರ್ಬುರೇಟರ್ ಗಾಡಿಗಳಲ್ಲಿ ಇದೇ ಕೆಲಸವನ್ನು ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಪೆಟ್ಟಿಗೆ) ಅಥವಾ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮಾಡುತ್ತದೆ.

ಹಾಗಾಗಿ ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡುತ್ತದೆ ಅನ್ನುವುದು ಗೊಂದಲದ ವಿಷಯ ಅಲ್ಲ, ಅದೇ ಸುಳಿವು. ನಿಮ್ಮ ನ್ಯೂಟ್ರಲ್ ಸ್ವಿಚ್, ಕಾಯಿಲ್, ಪ್ಲಗ್, ಪಂಪ್ ಎಲ್ಲ ಸರಿ ಇವೆ. ಸ್ಟ್ಯಾಂಡ್ ಸ್ವಿಚ್ ಹಾಗೂ ಅದರ ದಾರಿಯನ್ನು ಮಾತ್ರ ನೋಡಿದರೆ ಸಾಕು.

ಒಂಟಿ ಸವಾರ
ಅಕ್ಕಾ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆದರೆ ಮೀಟರ್‌ನಲ್ಲಿ ಸ್ಟ್ಯಾಂಡ್ ಲೈಟ್ ಯಾಕೆ ಬರುತ್ತಿಲ್ಲ?

ತಂತಿ ತಜ್ಞೆ
ಒಳ್ಳೆಯ ಪ್ರಶ್ನೆ. ಸಂಪರ್ಕ ಒಂದೇ ಕ್ಷಣ ಕಡಿದು ಮತ್ತೆ ಸೇರಿದರೂ ಐಡ್ಲಿಂಗ್‌ನಲ್ಲಿರುವ ಇಂಜಿನ್ ನಿಂತುಬಿಡುತ್ತದೆ. ಲೈಟ್ ಬಂದು ಹೋಗಿದ್ದು ಕಣ್ಣಿಗೆ ಬೀಳುವುದಿಲ್ಲ. ಗೇರ್ ಬಿದ್ದಾಗ ಗಾಡಿ ಸ್ವಲ್ಪ ಅದುರುತ್ತದೆ, ಅಲ್ವಾ? ಆ ಅದುರಿಗೇ ಸಡಿಲ ತಂತಿ ಕೈ ಕೊಡುತ್ತಿರಬಹುದು. ಯಾವಾಗಲೂ ಆಗದೆ ಆಗೊಮ್ಮೆ ಈಗೊಮ್ಮೆ ಆಗುತ್ತಿದೆ ಅನ್ನುವುದೂ ಅದನ್ನೇ ಹೇಳುತ್ತದೆ.

ಮಳೆ ಸವಾರ
ನನ್ನ ಗಾಡಿಗೆ ಮಳೆಗಾಲದಲ್ಲಿ ಮಾತ್ರ ಹೀಗಾಗುತ್ತಿತ್ತು. ಸ್ವಿಚ್ ಇರುವ ಜಾಗ ನೋಡಿ, ಮುಂದಿನ ಚಕ್ರ ಎರಚುವ ಕೆಸರೆಲ್ಲ ನೇರ ಅಲ್ಲಿಗೇ. ಪಕ್ಕದಲ್ಲೇ ಚೈನ್‌ನ ಗ್ರೀಸ್. ಎರಡೂ ಸೇರಿ ಕಪ್ಪು ಮುದ್ದೆ ಆಗಿರುತ್ತದೆ. ಸ್ವಿಚ್‌ನ ಮುಳ್ಳು ಅದರೊಳಗೆ ಸಿಕ್ಕಿ ಪೂರ್ತಿ ಆಚೆ ಬರುತ್ತಿರಲಿಲ್ಲ. ಸೀಮೆಎಣ್ಣೆ ಹಚ್ಚಿದ ಬ್ರಶ್‌ನಲ್ಲಿ ಉಜ್ಜಿ, ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಆಮೇಲೆ ತೊಂದರೆ ಬರಲಿಲ್ಲ.

ಸ್ಪಾನರ್ 12
ಸ್ಟ್ಯಾಂಡ್‌ನ ಸ್ಪ್ರಿಂಗ್ ಕೂಡ ನೋಡಿ. ಸ್ಪ್ರಿಂಗ್ ಸತ್ತಿದ್ದರೆ ಸ್ಟ್ಯಾಂಡ್ ಮೇಲೆ ಹೋದರೂ ಗುಂಡಿಯಲ್ಲಿ ಇಳಿದಾಗ ಚೂರು ಕೆಳಗೆ ಕುಣಿಯುತ್ತದೆ. ಅಷ್ಟು ಸಾಕು.

ನೇರ ಮಾತು
ಇದಕ್ಕೆಲ್ಲ ಇಷ್ಟು ಯಾಕೆ? ಆ ಸ್ವಿಚ್ ಕಿತ್ತು ಎಸೆದು ಎರಡು ತಂತಿ ಸೇರಿಸಿ ಟೇಪ್ ಸುತ್ತಿ. ಕತೆ ಮುಗಿಯಿತು. ಹಳೆಯ ಗಾಡಿಗಳಲ್ಲಿ ಈ ಸ್ವಿಚ್ ಇತ್ತಾ? ಜನ ಓಡಿಸಲಿಲ್ಲವಾ?

ದೂರ ದಾರಿ
ಓಡಿಸಿದರು, ಬಿದ್ದರು ಕೂಡ. ಸ್ಟ್ಯಾಂಡ್ ಕೆಳಗಿಟ್ಟುಕೊಂಡೇ ಹೊರಟು ಎಡಕ್ಕೆ ವಾಲಿದರೆ ಅದು ರಸ್ತೆಗೆ ಊರುತ್ತದೆ. ಹಿಂದಿನ ಚಕ್ರ ನೆಲ ಬಿಡುತ್ತದೆ. ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಹಾಗೆ ಬಿದ್ದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ದಯವಿಟ್ಟು ಕಿತ್ತು ಎಸೆಯಿರಿ ಅಂತ ಯಾರಿಗೂ ಹೇಳಬೇಡಿ.

ನೇರ ಮಾತು
ಕೆಟ್ಟ ಸ್ವಿಚ್ ಇಟ್ಟುಕೊಂಡು ಓಡಿಸುವುದು ಸುರಕ್ಷಿತವಾ ಹಾಗಾದರೆ? ಹೈವೇಯಲ್ಲಿ ಲಾರಿ ಹಿಂದೆ ಬರುತ್ತಿರುವಾಗ ಅದೇ ಸ್ವಿಚ್ ಕೈ ಕೊಟ್ಟು ಇಂಜಿನ್ ನಿಂತರೆ? ಅದನ್ನೂ ಹೇಳಿ. ನಾನು ಸುಮ್ನೆ ಹೇಳುತ್ತಿಲ್ಲ, ಓವರ್‌ಟೇಕ್ ಮಧ್ಯೆ ನನ್ನ ಗಾಡಿ ನಿಂತಿದೆ.

ತಂತಿ ತಜ್ಞೆ
ನಿಮ್ಮ ಭಯ ನಿಜವಾದದ್ದು. ಓಡುತ್ತಿರುವಾಗ ಕಟ್ ಆಗುವುದು ನಿಂತಲ್ಲಿ ಕಟ್ ಆಗುವುದಕ್ಕಿಂತ ಅಪಾಯ. ಅದಕ್ಕೇ ಇದನ್ನು ನಾಳೆ ನೋಡೋಣ ಅಂತ ಬಿಡಬಾರದು. ಆದರೆ ಕೆಟ್ಟಿದೆ ಅಂದರೆ ರಿಪೇರಿ ಮಾಡೋಣ, ಇಲ್ಲ ಹೊಸದು ಹಾಕೋಣ. ಈ ಸ್ವಿಚ್ ಬದಲಿಸುವುದು ದೊಡ್ಡ ಕೆಲಸವೇನಲ್ಲ: ಒಂದೆರಡು ಸ್ಕ್ರೂ, ಒಂದು ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ). ತಂತಿ ಸೇರಿಸುವುದು ಪರೀಕ್ಷೆಗೆ ಮಾತ್ರ. ಸೇರಿಸಿಕೊಂಡು ರಸ್ತೆಗೆ ಇಳಿಯುವುದು ಬೇಡ.

ಒಂಟಿ ಸವಾರ
ಪರೀಕ್ಷೆ ಹೇಗೆ ಮಾಡಬೇಕು ಅಕ್ಕಾ? ಮಲ್ಟಿಮೀಟರ್ ಇದೆ, ಬಳಸಿ ಅಭ್ಯಾಸ ಕಡಿಮೆ.

ತಂತಿ ತಜ್ಞೆ
ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕೀ ಆಫ್. ಸೈಡ್ ಸ್ಟ್ಯಾಂಡ್ ಹತ್ತಿರದಿಂದ ಹೊರಟ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋಗಿ, ಎಲ್ಲೋ ಒಂದು ಕಡೆ ಕಪ್ಲರ್ ಸಿಗುತ್ತದೆ. ಅದನ್ನು ಬಿಡಿಸಿ. ಮೊದಲು ಒಳಗೆ ಹಸಿರು ಪಾಚಿಯಂಥ ತುಕ್ಕು ಇದೆಯಾ, ನೀರು ಇದೆಯಾ ನೋಡಿ.

ಆಮೇಲೆ ಮಲ್ಟಿಮೀಟರ್ ಅನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ, ಎರಡು ಕಡ್ಡಿಯನ್ನು ಸ್ವಿಚ್ ಕಡೆಯ ಕಪ್ಲರ್‌ಗೆ ಇಡಿ. ಎರಡು ತಂತಿಯ ಸ್ವಿಚ್ ಆದರೆ ಸಾಮಾನ್ಯವಾಗಿ ಸ್ಟ್ಯಾಂಡ್ ಮೇಲಿದ್ದಾಗ ಬೀಪ್ ಬರಬೇಕು, ಕೆಳಗಿಳಿಸಿದಾಗ ನಿಲ್ಲಬೇಕು. ಮೂರು ತಂತಿ ಇದ್ದರೆ ವೈರಿಂಗ್ ಚಿತ್ರ ನೋಡದೆ ಯಾವುದನ್ನೂ ಯಾವುದಕ್ಕೂ ಸೇರಿಸಬೇಡಿ. ಕೆಲವು ಗಾಡಿಗಳಲ್ಲಿ ಮುಳ್ಳಿನ ಬದಲು ಅಯಸ್ಕಾಂತದ ಸೆನ್ಸರ್ ಇರುತ್ತದೆ, ಅದಕ್ಕೆ ಬೀಪ್ ಪರೀಕ್ಷೆ ನಡೆಯುವುದಿಲ್ಲ.

ಮುಖ್ಯವಾದದ್ದು ಇಲ್ಲಿದೆ. ಬೀಪ್ ಬಂತು ಅಂತ ಎದ್ದು ಬರಬೇಡಿ. ಬೀಪ್ ಬರುತ್ತಿರುವಾಗಲೇ ಸ್ಟ್ಯಾಂಡ್ ಅನ್ನು ಕೈಯಲ್ಲಿ ಅಲ್ಲಾಡಿಸಿ. ತಂತಿಯನ್ನು ಇಂಚಿಂಚಾಗಿ ಬಗ್ಗಿಸುತ್ತಾ ಹೋಗಿ. ಬೀಪ್ ಎಲ್ಲಿ ಕಡಿಯುತ್ತದೋ ಅಲ್ಲೇ ನಿಮ್ಮ ತೊಂದರೆ. ಆಗೊಮ್ಮೆ ಈಗೊಮ್ಮೆ ಬರುವ ದೋಷವನ್ನು ಸುಮ್ಮನೆ ನಿಂತ ಗಾಡಿಯಲ್ಲಿ ಅಳೆದರೆ ಎಲ್ಲ ಸರಿ ಅಂತಲೇ ತೋರಿಸುತ್ತದೆ. ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಕಾರ್ಬ್ ಕಾಲ
ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ, ನನಗೂ ಹೆಚ್ಚುಕಡಿಮೆ ಇದೇ ತೊಂದರೆ. ಆದರೆ ನನ್ನದು ಕಾರ್ಬುರೇಟರ್ ಗಾಡಿ, ಸೈಡ್ ಸ್ಟ್ಯಾಂಡ್ ಸ್ವಿಚ್ಚೇ ಇಲ್ಲ. ತುಂಬಾ ತಿಂಗಳು ಮೂಲೆಯಲ್ಲಿ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ. ಗೇರ್ ಹಾಕಿದರೆ ಕ್ಲಚ್ ಹಿಡಿದಿದ್ದರೂ ಮುಂದಕ್ಕೆ ಹಾರಿ ನಿಲ್ಲುತ್ತದೆ. ಎದುರಿಗೆ ಗೋಡೆ ಇತ್ತು, ಸದ್ಯ ತಾಗಲಿಲ್ಲ.

ಗೇರ್ ಗೆಳೆಯ
ಇದು ನನ್ನ ಕೇಸ್! ತುಂಬಾ ದಿನ ನಿಂತ ಗಾಡಿಯಲ್ಲಿ ಪ್ಲೇಟ್‌ಗಳ ನಡುವಿನ ಆಯಿಲ್ ಹಿಂಡಿಹೋಗಿ, ಫ್ರಿಕ್ಷನ್ ಪ್ಲೇಟ್ ಸ್ಟೀಲ್ ಪ್ಲೇಟ್‌ಗೆ ಹಿಡಿದುಕೊಂಡಿರುತ್ತದೆ. ಲಿವರ್ ಹಿಡಿದಾಗ ಪ್ರೆಷರ್ ಪ್ಲೇಟ್ ಹಿಂದೆ ಸರಿಯುತ್ತದೆ, ಆದರೆ ಅಂಟಿದ ಪ್ಲೇಟ್‌ಗಳು ಬಿಡಿಸಿಕೊಳ್ಳುವುದಿಲ್ಲ. ಕ್ಲಚ್ ಇಲ್ಲದ ಹಾಗೇ ಆಯಿತು.

ಮೊದಲು ನ್ಯೂಟ್ರಲ್‌ನಲ್ಲಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ. ಎರಡನೆಯ ಅಥವಾ ಮೂರನೆಯ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಜೋರಾಗಿ ತೂಗಿ. ಬಹಳ ಸಲ ಟಪ್ ಅಂತ ಬಿಡುತ್ತದೆ.

ನೇರ ಮಾತು
ಲಿವರ್ ಅನ್ನು ರಬ್ಬರ್ ಪಟ್ಟಿಯಿಂದ ಹ್ಯಾಂಡಲ್‌ಗೆ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೂಗಿದರೆ ಸುಲಭ.

ಸ್ಪಾನರ್ 12
ಕಾರಿನ ಆಯಿಲ್ ಹಾಕಿದ್ದೀರಾ? ಹಾಗಿದ್ದರೂ ಪ್ಲೇಟ್ ಅಂಟುತ್ತದೆ.

ಹಳೇ ಇಂಜಿನ್
ಇದು ತಪ್ಪು ತಿಳಿವಳಿಕೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರುವಿಕೆ ಹೆಚ್ಚಿಸುವ ಪದಾರ್ಥ ಸೇರಿಸಿರುತ್ತಾರೆ. ಅದರಿಂದ ಪ್ಲೇಟ್ ಅಂಟುವುದಿಲ್ಲ, ಜಾರುತ್ತದೆ. ರೇಸ್ ಏರುತ್ತದೆ, ಗಾಡಿ ಎಳೆಯುವುದಿಲ್ಲ. ಇವರ ತೊಂದರೆಗೆ ಪೂರ್ತಿ ಉಲ್ಟಾ. ಈ ಗೊಂದಲ ಬೇಡ ಅಂತಲೇ 1998ರಲ್ಲಿ ಜಪಾನಿನವರು ಜಾಸೋ ಗುರುತು ತಂದರು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದ್ದರೆ ಆಯಿಲ್‌ನಲ್ಲಿ ಮುಳುಗುವ ಕ್ಲಚ್‌ಗೆ ಸರಿ. ಎಂಬಿ ಅಂತ ಇದ್ದರೆ ಅದು ಸ್ಕೂಟರ್‌ಗಳಿಗೆ. ಅವುಗಳಲ್ಲಿ ಕ್ಲಚ್ ಇಂಜಿನ್ ಆಯಿಲ್‌ನಲ್ಲಿ ಇರುವುದಿಲ್ಲ.

ಆಯಿಲ್‌ನಿಂದ ಪ್ಲೇಟ್ ಬಿಡದೇ ಇರಬೇಕಾದರೆ ಕಾರಣ ಬೇರೆ: ಬೇಕಾದ್ದಕ್ಕಿಂತ ಗಟ್ಟಿ ಗ್ರೇಡ್ ಹಾಕಿರುವುದು, ಅಳತೆ ಮೀರಿ ತುಂಬಿರುವುದು, ಇಲ್ಲವೇ ಬದಲಿಸದೆ ಬಿಟ್ಟು ಗೊಜ್ಜಾಗಿರುವುದು.

ಸ್ಪಾನರ್ 12
ಸರಿ, ಒಪ್ಪಿದೆ. ಗೊಜ್ಜು ಅನ್ನುವುದು ನಾನೂ ನೋಡಿದ್ದೇನೆ.

ಹೊಸ ಲೈಸೆನ್ಸ್
ಒಂದು ಸಣ್ಣ ಪ್ರಶ್ನೆ. ಒಂದನೇ ಗೇರ್ ಹಾಕುವಾಗ "ಠಕ್" ಅಂತ ಸದ್ದು ಬರುತ್ತದಲ್ಲ, ಅದೂ ಇದೇ ತೊಂದರೆಯ ಶುರುವಾತಾ?

ಗೇರ್ ಗೆಳೆಯ
ಅಲ್ಲ, ಹೆದರಬೇಡಿ. ಗಾಡಿ ನಿಂತಿದ್ದಾಗ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ ಕಡೆಯ ಶಾಫ್ಟ್ ತಿರುಗುತ್ತಿರುತ್ತದೆ, ಚಕ್ರದ ಕಡೆಯದು ನಿಂತಿರುತ್ತದೆ. ತಿರುಗುವುದನ್ನು ನಿಂತದ್ದಕ್ಕೆ ಸೇರಿಸಿದರೆ ಅಷ್ಟು ಸದ್ದು ಬಂದೇ ಬರುತ್ತದೆ. ಕ್ಲಚ್ ಹಿಡಿದು ಒಂದೆರಡು ಸೆಕೆಂಡ್ ಕಾದು ಗೇರ್ ಹಾಕಿ, ಕಡಿಮೆಯಾಗುತ್ತದೆ. ಆದರೆ ಠಕ್ ಜೊತೆಗೆ ಗಾಡಿ ಮುಂದಕ್ಕೆ ತೆವಳಿದರೆ ಆಗ ಕೇಬಲ್ ನೋಡಿಸಿ.

ದೂರ ದಾರಿ
ನನ್ನದು ಹೈಡ್ರಾಲಿಕ್ ಕ್ಲಚ್, ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ನಡೆಯುವಂಥದ್ದು. ಅದರಲ್ಲಿ ಕೇಬಲ್ ಪ್ಲೇ ನೋಡುವಂತಿಲ್ಲ. ಲೈನ್‌ನಲ್ಲಿ ಗಾಳಿ ಸೇರಿದರೆ ಲಿವರ್ ಮೆತ್ತಗಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಆಗಲೂ ಹೀಗೇ ಜಗ್ಗಿ ನಿಲ್ಲುತ್ತದೆ. ಲಿವರ್ ಒತ್ತಿ ಒತ್ತಿ ಬಿಟ್ಟ ಮೇಲೆ ಗಟ್ಟಿಯಾಗಿ, ಗೇರ್ ಸಲೀಸಾಗಿ ಬಿದ್ದರೆ ಗಾಳಿ ಇದೆ ಅಂತಲೇ. ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿ ಹೊರಗೆ ತೆಗೆಸಬೇಕು. ಆ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಬಹಳ ಮ್ಯಾನುಯಲ್‌ಗಳಲ್ಲಿ ಬರೆದಿರುವುದು ಅದಕ್ಕೇ.

ಮಳೆ ಸವಾರ
ಯಾರಿಗಾದರೂ ಕ್ಲಚ್ ಹಿಡಿದರೆ ನ್ಯೂಟ್ರಲ್ ಲೈಟ್ ಬರುವುದು ಗೊತ್ತಾ? ಗೇರ್‌ನಲ್ಲೇ ಇರುತ್ತದೆ, ಕ್ಲಚ್ ಹಿಡಿದ ಕೂಡಲೇ ಹಸಿರು ದೀಪ. ನಮ್ಮ ಚಿಕ್ಕಪ್ಪನ ಗಾಡಿಯಲ್ಲಿ ಹಾಗಾಗುತ್ತಿದೆ.

ತಂತಿ ತಜ್ಞೆ
ಗೊತ್ತು. ನ್ಯೂಟ್ರಲ್ ಸ್ವಿಚ್ ಮತ್ತು ಕ್ಲಚ್ ಸ್ವಿಚ್ ನಡುವೆ ಒಂದು ಡಯೋಡ್ ಇರುತ್ತದೆ. ಕರೆಂಟ್ ಒಂದೇ ಕಡೆಗೆ ಹೋಗಲಿ ಅಂತ. ಅದು ಶಾರ್ಟ್ ಆಗಿದ್ದರೆ ಕ್ಲಚ್ ಹಿಡಿದಾಗ ನ್ಯೂಟ್ರಲ್ ದೀಪಕ್ಕೂ ದಾರಿ ಸಿಗುತ್ತದೆ, ಸುಳ್ಳು ದೀಪ ಬರುತ್ತದೆ. ಅದೇ ಡಯೋಡ್ ಕಡಿದುಹೋಗಿದ್ದರೆ ನ್ಯೂಟ್ರಲ್‌ನಲ್ಲಿ ಇದ್ದರೂ ಕ್ಲಚ್ ಹಿಡಿಯದೆ ಸೆಲ್ಫ್ ತಿರುಗುವುದಿಲ್ಲ. ಸಣ್ಣ ಸಾಮಾನು, ವೈರಿಂಗ್‌ಗೋ ಫ್ಯೂಸ್ ಬಾಕ್ಸ್‌ಗೋ ಸಿಕ್ಕಿಸಿರುತ್ತಾರೆ. ಚಿಕ್ಕಪ್ಪನಿಗೆ ಹೇಳಿ, ಹಸಿರು ದೀಪ ನಂಬಿ ಕ್ಲಚ್ ಬಿಡುವುದು ಬೇಡ. ಗೇರ್‌ನಲ್ಲಿದ್ದರೆ ಗಾಡಿ ಹಾರುತ್ತದೆ.

ಒಂಟಿ ಸವಾರ
ಸಿಕ್ಕಿತು!!!

ಅಕ್ಕ ಹೇಳಿದ ಹಾಗೇ ಮಾಡಿದೆ. ಕಪ್ಲರ್ ಒಳಗೆ ಸ್ವಚ್ಛವಾಗಿತ್ತು. ಸ್ಟ್ಯಾಂಡ್ ಮೇಲೆ ಇದ್ದಾಗ ಬೀಪ್, ಕೆಳಗೆ ಇಳಿಸಿದರೆ ಸುಮ್ಮನೆ. ಸ್ವಿಚ್ ಸರಿ ಇದೆ ಅಂತಲೇ ಅನ್ನಿಸಿತು. ಸ್ಟ್ಯಾಂಡ್ ಅಲ್ಲಾಡಿಸಿದೆ, ಬೀಪ್ ಕಡಿಯಲಿಲ್ಲ. ಆಮೇಲೆ ತಂತಿ ಬಗ್ಗಿಸುತ್ತಾ ಮೇಲೆ ಬಂದೆ. ಮುಂದಿನ ಸ್ಪ್ರಾಕೆಟ್ ಕವರ್ ಹತ್ತಿರ ಒಂದು ತಿರುವಿದೆ, ಅಲ್ಲಿ ಬಗ್ಗಿಸಿದರೆ ಬೀಪ್ ಕಡಿಯುತ್ತದೆ, ನೆಟ್ಟಗೆ ಮಾಡಿದರೆ ಬರುತ್ತದೆ. ಹೊರಗಿನಿಂದ ತಂತಿಗೆ ಏನೂ ಆಗಿಲ್ಲ! ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ.

ತಂತಿ ತಜ್ಞೆ
ಒಳಗೆ ತಾಮ್ರದ ಎಳೆಗಳು ಕಡಿದಿವೆ. ಆ ಜಾಗವನ್ನು ಎರಡು ಕಡೆಯಿಂದ ಮೆಲ್ಲಗೆ ಎಳೆದು ನೋಡಿ. ತಾಮ್ರ ಇರುವ ಕಡೆ ಬಿಗಿಯಾಗಿರುತ್ತದೆ, ಕಡಿದ ಕಡೆ ಪ್ಲಾಸ್ಟಿಕ್ ಮಾತ್ರ ರಬ್ಬರ್ ಹಾಗೆ ಉದ್ದವಾಗುತ್ತದೆ.

ಒಂಟಿ ಸವಾರ
ಹೌದು! ಒಂದು ತಂತಿ ಮಾತ್ರ ಅಲ್ಲಿ ಎಳೆದಷ್ಟೂ ಬರುತ್ತಿದೆ. ಅದನ್ನು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ತಮ್ಮನಿಗೆ ಸ್ಟಾರ್ಟ್ ಮಾಡಿ ಗೇರ್ ಹಾಕು ಅಂದೆ. ಆಫ್ ಆಗಲಿಲ್ಲ. ಚೂರು ಬಗ್ಗಿಸಿದೆ, ಟಕ್ ಅಂತ ನಿಂತಿತು.

ಹಳೇ ಇಂಜಿನ್
ಪತ್ತೆ ಮಾಡಿದ್ದು ಚೆನ್ನಾಗಿದೆ. ಆದರೆ ಗೇರ್ ಹಾಕಿದಾಗ ಚೈನ್ ತಿರುಗುವ ಜಾಗದಲ್ಲಿ ಕೈ ಇಟ್ಟಿದ್ದು ಚೆನ್ನಾಗಿಲ್ಲ. ಇದನ್ನು ಓದುವ ಉಳಿದವರಿಗೆ ಹೇಳುತ್ತೇನೆ: ಇಂಜಿನ್ ಓಡುತ್ತಿರುವಾಗ ಚೈನ್, ಸ್ಪ್ರಾಕೆಟ್ ಹತ್ತಿರ ಬೆರಳು ತರಬೇಡಿ. ಕ್ಲಚ್ ಕೈ ಜಾರಿದರೆ ಬೆರಳು ಹೋಗುತ್ತದೆ. ಬೀಪ್ ಪರೀಕ್ಷೆಯನ್ನು ಕೀ ಆಫ್ ಮಾಡಿಯೇ ಮಾಡಬಹುದು, ಮಾಡಿಯೂ ಆಗಿತ್ತು.

ಒಂಟಿ ಸವಾರ
ಸರಿ ಸರ್, ಇನ್ನು ಹಾಗೆ ಮಾಡುವುದಿಲ್ಲ. ಈಗ ಆ ಜಾಗ ಕತ್ತರಿಸಿ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಸಾಕಾ?

ಸ್ಪಾನರ್ 12
ಬೆಸುಗೆ ಹಾಕಿ. ತಿರುಚಿ ಟೇಪ್ ಸುತ್ತಿದರೆ ಮೊದಲ ಮಳೆಗೇ ಹೋಗುತ್ತದೆ.

ತಂತಿ ತಜ್ಞೆ
ಬೆಸುಗೆ ಒಳ್ಳೆಯದೇ, ಆದರೆ ಆ ಜಾಗದಲ್ಲಿ ಬೇಡ. ಬೆಸುಗೆ ಹಾಕಿದ ಕಡೆ ತಂತಿ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಬಗ್ಗುವ ತಿರುವಿನಲ್ಲೇ ಗಟ್ಟಿ ತುಂಡು ಕೂರಿಸಿದರೆ, ಬೆಸುಗೆ ಮುಗಿಯುವ ಅಂಚಿನಲ್ಲಿ ಮತ್ತೆ ಕಡಿಯುತ್ತದೆ. ತಿರುವಿನ ಎರಡೂ ಕಡೆ ಒಂದೊಂದು ಗೇಣು ದೂರದಲ್ಲಿ ಕತ್ತರಿಸಿ, ಮಧ್ಯೆ ಹೊಸ ತಂತಿ ಹಾಕಿ. ಅಷ್ಟೇ ದಪ್ಪದ್ದು, ಸಣ್ಣ ಎಳೆಗಳು ಜಾಸ್ತಿ ಇರುವಂಥದ್ದು. ಜಾಯಿಂಟ್‌ಗಳು ಅಲುಗಾಡದ ಜಾಗಕ್ಕೆ ಬರಬೇಕು. ಎರಡೂ ತಂತಿಯ ಜಾಯಿಂಟ್ ಒಂದೇ ಎತ್ತರದಲ್ಲಿ ಎದುರುಬದುರು ಬರದ ಹಾಗೆ ಮೇಲೆ ಕೆಳಗೆ ಮಾಡಿ. ಬೆಸುಗೆ ಹಾಕುವ ಮೊದಲೇ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ತಂತಿಗೆ ಬಿಗಿಯಾಗುವ ಪ್ಲಾಸ್ಟಿಕ್) ತೂರಿಸಿಡಿ.

ಆಮೇಲೆ ಆ ತಂತಿ ಅಲ್ಲಿ ಕಡಿದಿದ್ದು ಯಾಕೆ ಅಂತ ನೋಡಿ. ಕ್ಲಿಪ್ ಬಿಟ್ಟುಹೋಗಿದೆಯಾ? ಸರ್ವಿಸ್ ಮಾಡುವಾಗ ಸ್ಪ್ರಾಕೆಟ್ ಕವರ್ ಕೆಳಗೆ ಸಿಕ್ಕಿಸಿ ಬಿಗಿದಿದ್ದಾರಾ? ಅದನ್ನು ಸರಿ ಮಾಡದಿದ್ದರೆ ಹೊಸ ತಂತಿಗೂ ಅದೇ ಗತಿ.

ನೇರ ಮಾತು
ಬೆಸುಗೆಗಿಂತ ಕ್ರಿಂಪ್ (ಲೋಹದ ತುಂಡಿನೊಳಗೆ ತಂತಿ ಇಟ್ಟು ಒತ್ತಿ ಸೇರಿಸುವುದು) ಒಳ್ಳೆಯದು. ಅದುರುವ ಗಾಡಿಗೆ ಕ್ರಿಂಪ್ ಮಾಡಿದ ಜಾಯಿಂಟ್ ಜಾಸ್ತಿ ಬಾಳುತ್ತದೆ.

ತಂತಿ ತಜ್ಞೆ
ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್ ಆದರೆ ಒಪ್ಪುತ್ತೇನೆ. ಹಲ್ಲಿನಲ್ಲೋ ಕಟಿಂಗ್ ಪ್ಲೇಯರ್‌ನಲ್ಲೋ ಒತ್ತಿದ್ದಾದರೆ ಬೇಡ.

ನೇರ ಮಾತು
ಇದಕ್ಕೆ ನನ್ನ ಒಪ್ಪಿಗೆ ಇದೆ. ಸ್ವಿಚ್ ಕಿತ್ತು ಎಸೆಯುವ ಮಾತಿಗೂ ಸ್ವಲ್ಪ ಬ್ರೇಕ್ ಹಾಕುತ್ತೇನೆ. ಸ್ವಿಚ್ ಸರಿ ಇತ್ತು, ತಂತಿ ಕಡಿದಿತ್ತು ಅನ್ನುವುದು ನಾನು ಯೋಚಿಸದ ವಿಷಯ. ನನ್ನ ಗಾಡಿಯ ತಂತಿಯನ್ನೂ ಒಮ್ಮೆ ಎಳೆದು ನೋಡುತ್ತೇನೆ.

ಒಂಟಿ ಸವಾರ
ಕ್ಲಿಪ್ ಇರಲೇ ಇಲ್ಲ! ಅದು ಇರಬೇಕಾದ ತೂತು ಮಾತ್ರ ಇದೆ. ತಂತಿ ಜೋತಾಡುತ್ತಾ ಕವರ್ ಅಂಚಿಗೆ ಉಜ್ಜುತ್ತಿತ್ತು. ಹೊಸ ತಂತಿ ಹಾಕಿ, ಕೇಬಲ್ ಟೈ ಕಟ್ಟಿ, ಸ್ಟ್ಯಾಂಡ್ ಇಳಿಸಿದಾಗ ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಟ್ಟೆ. ಈಗ ಸ್ಟ್ಯಾಂಡ್ ಕೆಳಗೆ ಇಟ್ಟು ಗೇರ್ ಹಾಕಿದರೆ ನಿಲ್ಲುತ್ತದೆ, ಮೇಲೆ ಎತ್ತಿ ಹಾಕಿದರೆ ಓಡುತ್ತದೆ. ಎರಡೂ ಕಡೆ ನೋಡಿದೆ. ಎಲ್ಲರಿಗೂ ಮನಸಾರೆ ಧನ್ಯವಾದ. ಇಂಜಿನ್ ಬಿಚ್ಚಿಸಿದ್ದರೆ ಹೊಸ ಪ್ಲೇಟ್ ಹಾಕಿಸಿಕೊಂಡು ಇದೇ ತೊಂದರೆಯ ಜೊತೆ ವಾಪಸ್ ಬರುತ್ತಿದ್ದೆ.

ದೂರ ದಾರಿ
ಎರಡೂ ಕಡೆ ನೋಡಿದ್ದು ತುಂಬಾ ಸರಿ. ಓಡುತ್ತದೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ನಿಲ್ಲಬೇಕಾದಾಗ ನಿಲ್ಲುತ್ತದಾ ಅಂತ ನೋಡುವವರು ಕಡಿಮೆ.

ನನಗೆ ಗೊತ್ತಿರುವ ಒಂದು ಗಾಡಿಯಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಗೇರ್ ಹಾಕಿದಾಗ ಮಾತ್ರ ಆಫ್ ಆಗುತ್ತಿತ್ತು. ಎಲ್ಲರೂ ಗೇರ್ ಅಂತ ಗೇರನ್ನೇ ಹುಡುಕಿದರು. ಕೊನೆಗೆ ನೋಡಿದರೆ ಹ್ಯಾಂಡಲ್ ಕುತ್ತಿಗೆಯ ಹತ್ತಿರ ಇಗ್ನಿಷನ್ ಸ್ವಿಚ್‌ನ ತಂತಿ ಹೀಗೇ ಒಳಗೆ ಕಡಿದಿತ್ತು. ಪಾರ್ಕಿಂಗ್‌ನಿಂದ ಹೊರಡುವಾಗ ಹ್ಯಾಂಡಲ್ ತಿರುಗಿಸಿಯೇ ಗೇರ್ ಹಾಕುತ್ತಿದ್ದರಿಂದ ಎರಡಕ್ಕೂ ನಂಟು ಇದ್ದ ಹಾಗೆ ಕಾಣುತ್ತಿತ್ತು.

ಕಾರ್ಬ್ ಕಾಲ
ನನ್ನದರ ಸುದ್ದಿ. ಬಿಸಿ ಮಾಡಿ ತೂಗಿದೆ, ಬಿಡಲಿಲ್ಲ. ಲಿವರ್ ಕಟ್ಟಿ ರಾತ್ರಿ ಬಿಟ್ಟು ಬೆಳಿಗ್ಗೆ ತೂಗಿದಾಗ ಪಟ್ ಅಂತ ಸದ್ದು ಬಂದು ಚಕ್ರ ಬಿಟ್ಟುಕೊಂಡಿತು! ಈಗ ಗೇರ್ ಹಾಕಿದರೆ ಹಾರುವುದಿಲ್ಲ. ಆದರೆ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ತೆವಳುತ್ತದೆ, ನ್ಯೂಟ್ರಲ್ ಸಿಗುವುದೂ ಕಷ್ಟ. ಕೇಬಲ್ ಪ್ಲೇ ಸರಿ ಮಾಡಿದ್ದೇನೆ.

ಗೇರ್ ಗೆಳೆಯ
ಆಯಿಲ್ ಬದಲಿಸಿ ಸ್ವಲ್ಪ ದಿನ ಓಡಿಸಿ ನೋಡಿ. ನಿಂತ ಗಾಡಿಯ ಹಳೇ ಆಯಿಲ್ ಹೇಗಿದ್ದರೂ ತೆಗೆಯಬೇಕು. ಆಮೇಲೂ ತೆವಳಿದರೆ ಕ್ಲಚ್ ಕವರ್ ಬಿಚ್ಚಬೇಕಾಗುತ್ತದೆ. ಸ್ಟೀಲ್ ಪ್ಲೇಟ್‌ಗಳನ್ನು ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ, ಸೊಟ್ಟಗಾಗಿದ್ದರೆ ಗೊತ್ತಾಗುತ್ತದೆ. ಎಷ್ಟು ಸೊಟ್ಟ ಒಪ್ಪಬಹುದು ಅಂತ ಮ್ಯಾನುಯಲ್‌ನಲ್ಲಿದೆ, ಮಿಲಿಮೀಟರ್‌ನ ಹತ್ತನೇ ಒಂದು ಭಾಗ, ಎರಡು ಭಾಗದ ಲೆಕ್ಕ ಅದು. ಕಣ್ಣಿಗೆ ಕಾಣುವುದಿಲ್ಲ.

ಹಳೇ ಇಂಜಿನ್
ಕವರ್ ಬಿಚ್ಚಿದರೆ ಬಾಸ್ಕೆಟ್‌ನ, ಅಂದರೆ ಪ್ಲೇಟ್‌ಗಳು ಕೂರುವ ಬಟ್ಟಲಿನ ಬೆರಳುಗಳನ್ನೂ ನೋಡಿ. ಪ್ಲೇಟ್‌ನ ಕಿವಿಗಳು ಬಡಿದು ಬಡಿದು ಅಲ್ಲಿ ಹಳ್ಳ ಬಿದ್ದಿರುತ್ತದೆ. ಲಿವರ್ ಹಿಡಿದಾಗ ಪ್ಲೇಟ್ ಆ ಹಳ್ಳದಲ್ಲಿ ಸಿಕ್ಕಿಕೊಂಡು ಸರಿಯುವುದಿಲ್ಲ. ಚೂರು ಹಳ್ಳ ಇದ್ದರೆ ಅರದಿಂದ ತಿಕ್ಕಿ ನಯ ಮಾಡಬಹುದು, ಆಳವಾಗಿದ್ದರೆ ಬಾಸ್ಕೆಟ್ಟೇ ಬದಲಿಸಬೇಕು. ಹೊಸ ಫ್ರಿಕ್ಷನ್ ಪ್ಲೇಟ್ ಹಾಕುವುದಾದರೆ ಮೊದಲು ಇಂಜಿನ್ ಆಯಿಲ್‌ನಲ್ಲಿ ನೆನೆಸಿಡಿ, ಒಣಗಿದ್ದನ್ನು ಹಾಗೇ ಹಾಕಬೇಡಿ.

ಕಾರ್ಬ್ ಕಾಲ
ಸರಿ ಸರ್. ಈ ವಾರ ಆಯಿಲ್ ಬದಲಿಸುತ್ತೇನೆ. ಆಯಿಲ್ ಮಟ್ಟ ನೋಡುವಾಗ ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಬೇಕಾ, ನೆಲದ ಮೇಲೆ ನೆಟ್ಟಗೆ ಹಿಡಿದರೆ ಸಾಕಾ? ಅಳತೆ ಕಡ್ಡಿಯನ್ನು ತಿರುಗಿಸಿ ಬಿಗಿಯಬೇಕಾ?

ಸ್ಪಾನರ್ 12
ನೆಟ್ಟಗೆ, ಸಮತಟ್ಟು ಜಾಗದಲ್ಲಿ ಇದ್ದರೆ ಸಾಕು. ಸೈಡ್ ಸ್ಟ್ಯಾಂಡ್ ಮೇಲೆ ಮಾತ್ರ ನೋಡಬೇಡಿ. ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಅಷ್ಟೇ ಹೊತ್ತು ಕಾದು ನೋಡಿ. ಕಡ್ಡಿ ಬಿಗಿಯುವುದು ಗಾಡಿಯಿಂದ ಗಾಡಿಗೆ ಬೇರೆ. ಬಹಳ ಗಾಡಿಗಳಲ್ಲಿ ಒರೆಸಿ ಸುಮ್ನೆ ಒಳಗೆ ಇಟ್ಟು ತೆಗೆಯಬೇಕು, ತಿರುಗಿಸಬಾರದು. ನಿಮ್ಮದು ಯಾವ ಮಾಡೆಲ್ ಹೇಳಿ, ಮ್ಯಾನುಯಲ್ ಪುಟ ಹುಡುಕಿ ಹಾಕುತ್ತೇನೆ.